ಪುಕ್ಕಟೆ ವೈಫೈ: ಕೊಡುವವರ ಹೊಣೆ, ಪಡೆಯುವವರ ಎಚ್ಚರ

ಬಾಯಾರಿ ಬಂದವರಿಗೆ ನೀರು ಬೆಲ್ಲ ಕೊಡುವುದು ನಮ್ಮ ಸೀಮೆಯ ವಾಡಿಕೆ. ಜಗಲಿಗೆ ಬಂದವನು ಯಾರು, ಎಲ್ಲಿಯವನು ಎಂದು ವಿಚಾರಿಸುವುದಕ್ಕೆ ಮೊದಲೇ ‘ಆಸರಿಂಗೆ ಎಂತ ಬೇಕು’ ಎಂದು ಕೇಳುವ ಮನೆಗಳು ಪುತ್ತೂರು, ಸುಳ್ಯದ ಕಡೆ ಇಂದಿಗೂ ಉಂಟು. ಈಚಿನ ವರ್ಷಗಳಲ್ಲಿ ಈ ಉಪಚಾರಕ್ಕೆ ಇನ್ನೊಂದು ಸೇರಿಕೊಂಡಿದೆ. ಹೋಟೆಲಿನಲ್ಲಿ ಕುಳಿತ ಗಿರಾಕಿ ಚಹಾಕ್ಕೆ ಹೇಳಿದ ಮರುಗಳಿಗೆಯಲ್ಲಿ “ಭಟ್ರೇ, ವೈಫೈ ಪಾಸ್‌ವರ್ಡ್ ಎಂತ?” ಎಂದು ಕೇಳುತ್ತಾನೆ. ಭಟ್ಟರು ಗಲ್ಲಾಪೆಟ್ಟಿಗೆಯ ಹಿಂದೆ ಅಂಟಿಸಿದ ಚೀಟಿಯತ್ತ ಕೈ ತೋರಿಸುತ್ತಾರೆ. ಗಿರಾಕಿಗೆ ಸಂತೋಷ, ಭಟ್ಟರಿಗೂ ಸಂತೋಷ. ಖರ್ಚೇನೂ ಹೆಚ್ಚಲಿಲ್ಲ ತಾನೆ?

ಆದರೆ ನೀರು ಕೊಟ್ಟವನಿಗೆ, ಆ ನೀರು ಕುಡಿದು ಹೋದವನು ಮುಂದೆ ಮಾಡುವ ಕೆಲಸದ ಹೊಣೆ ಬರುವುದಿಲ್ಲ. ವೈಫೈ ಕೊಟ್ಟವನ ಸ್ಥಿತಿ ಅಷ್ಟು ಸರಳವಲ್ಲ. ಏಕೆ ಅಲ್ಲ ಎಂಬುದನ್ನೇ ಇವತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ರೇಡಿಯೋ ಇರುವ ಮನೆಯವರಿಗೆ ವೈಫೈಯನ್ನು ಅರ್ಥಮಾಡಿಸುವುದು ಕಷ್ಟವಲ್ಲ, ಏಕೆಂದರೆ ಅದೂ ರೇಡಿಯೋವೇ. ಮೂಲೆಯಲ್ಲಿ ಮಿಣುಕುತ್ತ ಕುಳಿತಿರುವ ರೌಟರ್ ಎಂಬ ಪೆಟ್ಟಿಗೆ ಒಂದು ಪುಟ್ಟ ಪ್ರಸಾರ ಕೇಂದ್ರ. ತಮ್ಮ ಕೈಯಲ್ಲಿರುವ ಮೊಬೈಲು ಇನ್ನೊಂದು. ಹಿಂದೆ ಮನೆಯಲ್ಲಿ ಬರಿಯ ಕೇಳುವ ಪೆಟ್ಟಿಗೆ ಇಡುವುದಕ್ಕೂ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಮಾಡಿಸಬೇಕಿತ್ತು, ವರ್ಷ ವರ್ಷ ಹಣ ಕಟ್ಟಬೇಕಿತ್ತು. ಹಿರಿಯರಿಗೆ ಆ ಪುಸ್ತಕದ ನೆನಪಿದ್ದೀತು. 1980ರ ದಶಕದ ನಡುವಿನಲ್ಲಿ ಅದು ರದ್ದಾಯಿತು. ಪ್ರಸಾರ ಮಾಡುವ ಪೆಟ್ಟಿಗೆಗೆ ಮಾತ್ರ ಅಪ್ಪಣೆ ಬೇಕೇಬೇಕಿತ್ತು. 2005ರಲ್ಲಿ ಭಾರತ ಸರಕಾರವು 2.4 ಗಿಗಾಹರ್ಟ್ಸಿನ ತರಂಗಪಟ್ಟಿಯನ್ನು ಕಡಿಮೆ ಶಕ್ತಿಯ ಯಂತ್ರಗಳಿಗೆ ಲೈಸೆನ್ಸಿಲ್ಲದೆ ಬಿಟ್ಟುಕೊಟ್ಟಿತು; 2018ರಲ್ಲಿ 5 ಗಿಗಾಹರ್ಟ್ಸಿನ ಪಟ್ಟಿಯನ್ನೂ ಹೆಚ್ಚಾಗಿ ತೆರೆಯಿತು. ಹೀಗೆ ಮನೆಮನೆಯೂ ಒಂದೊಂದು ಪ್ರಸಾರ ಕೇಂದ್ರವಾಗಲು ಸಾಧ್ಯವಾಯಿತು. ಪ್ರಸಾರದ ಗುಣವೇನೆಂದು ತಾವು ಬಲ್ಲಿರಿ. ಅದಕ್ಕೆ ಕೆಂಪುಕಲ್ಲಿನ ಗೋಡೆಯ ಗಡಿ ಗೊತ್ತಿಲ್ಲ. ಹೋಟೆಲಿನ ವೈಫೈ ಎದುರಿನ ಬಸ್ಸು ನಿಲ್ದಾಣಕ್ಕೂ ಸಿಗುತ್ತದೆ, ಹಿಂದಿನ ತೋಟದ ಬೇಲಿಯ ಬಳಿ ನಿಂತವನಿಗೂ ಸಿಗುತ್ತದೆ.

ಬೆಟ್ಟಂಪಾಡಿಯಂಥ ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ಪುತ್ತೂರು ತಾಲೂಕಿನ ಅಂಚಿನ ಊರು. ಸರಕಾರಿ ಪ್ರಥಮ ದರ್ಜೆ ಕಾಲೇಜು ಇರುವುದರಿಂದ ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರು ಬರುತ್ತಾರೆ. ಕೆಲವು ಮೈಲಿ ನಡೆದರೆ ಕೇರಳದ ಗಡಿ. ಗುಡ್ಡ ತೋಟಗಳ ನಡುವೆ ಮೊಬೈಲಿನ ಸಿಗ್ನಲ್ಲು ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇಲ್ಲ. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಒಂದು ಹಳ್ಳಿಯಲ್ಲಿ ಆನ್‌ಲೈನ್ ಪಾಠ ಕೇಳುವ ಮಗಳಿಗೆ ತಂದೆ ಮಳೆಯಲ್ಲಿ ರಸ್ತೆ ಬದಿ ನಿಂತು ಕೊಡೆ ಹಿಡಿದ ಚಿತ್ರವನ್ನು ದೇಶವೇ ನೋಡಿತು. ಇಂಥ ಕಡೆ ಯಾರಾದರೊಬ್ಬರು ತಮ್ಮ ಅಂಗಡಿಯ ಸಂಪರ್ಕವನ್ನು ನಾಲ್ಕು ಜನರಿಗೆ ಬಿಟ್ಟುಕೊಟ್ಟರೆ ಅದು ಉಪಕಾರವೇ. ಅಪಾಯ ಉಂಟೆಂದು ಹೆದರಿ ಈ ಉಪಕಾರ ನಿಲ್ಲಬಾರದು ಎಂಬುದು ನನ್ನ ಅಭಿಪ್ರಾಯ. ಮುಂದೆ ಹೇಳುವ ಮಾತುಗಳನ್ನು ಈ ದೃಷ್ಟಿಯಿಂದಲೇ ಕೇಳಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಂತರ್ಜಾಲಕ್ಕೆ ಹೋಗುವ ಪ್ರತಿಯೊಂದು ಸಂದೇಶಕ್ಕೂ ಕಳುಹಿಸಿದ ಕಡೆಯ ಒಂದು ಅಂಕೆ ವಿಳಾಸವಿರುತ್ತದೆ; ಐಪಿ ವಿಳಾಸವೆಂದು ಅದಕ್ಕೆ ಹೆಸರು. ಹೋಟೆಲಿನೊಳಗೆ ಹತ್ತು ಮಂದಿ ಕುಳಿತು ಹತ್ತು ಕೆಲಸ ಮಾಡಿದರೂ ಹೊರ ಜಗತ್ತಿಗೆ ಕಾಣುವುದು ರೌಟರಿನ ಒಂದೇ ವಿಳಾಸ. ಒಂದೇ ಮನೆಯಿಂದ ಹತ್ತು ಜನ ಕಾಗದ ಬರೆದು ಎಲ್ಲರೂ ಯಜಮಾನನ ಹೆಸರನ್ನೇ ‘ಇಂದ’ ಎಂದು ಬರೆದ ಹಾಗೆ. ಹತ್ತರಲ್ಲಿ ಒಂದು ಕಾಗದ ಬೆದರಿಕೆಯ ಕಾಗದವಾಗಿದ್ದರೆ ಪೊಲೀಸರು ಮೊದಲು ಬಂದು ಬಾಗಿಲು ತಟ್ಟುವುದು ಯಾರ ಮನೆಯದು? ವಂಚಿತನು ಒಂದು ರಾಜ್ಯದಲ್ಲಿ, ರೌಟರು ಇನ್ನೊಂದು ರಾಜ್ಯದಲ್ಲಿ ಇರುವುದೂ ಅಪೂರ್ವವಲ್ಲ. ಆಗ ಬರುವವರು ಗುರುತಿನ ಠಾಣೆಯವರಾಗಿರದೆ ದೂರದ ಊರಿನ ಪೊಲೀಸರಾಗಿರಬಹುದು.

ಇದು ಕಲ್ಪನೆಯ ಭಯವಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬುಗಳು ಸಿಡಿದು 56 ಜನ ಸತ್ತರು. ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿ ಸಂಸ್ಥೆಗಳಿಗೆ ಒಂದು ಇ-ಮೇಲ್ ಹೋಗಿತ್ತು. ಅದರ ಐಪಿ ವಿಳಾಸದ ಜಾಡು ಹಿಡಿದು ಹೋದ ಪೊಲೀಸರು ತಲುಪಿದ್ದು ನವಿ ಮುಂಬಯಿಯ ಒಂದು ಫ್ಲಾಟಿಗೆ. ಅಲ್ಲಿ ವಾಸವಾಗಿದ್ದವನು ಕೆಲಸದ ಮೇಲೆ ಬಂದಿದ್ದ ಒಬ್ಬ ಅಮೆರಿಕನ್. ಅವನ ವೈಫೈಗೆ ಸರಿಯಾದ ಕಾವಲಿರಲಿಲ್ಲ, ಸುತ್ತಮುತ್ತ ನಿಂತ ಯಾರಾದರೂ ಅದನ್ನು ಬಳಸಬಹುದಾಗಿತ್ತು, ಹಾಗೆಯೇ ಬಳಸಿದ್ದರು. ಅವನ ಕಂಪ್ಯೂಟರನ್ನು ಪರೀಕ್ಷೆಗೆ ಒಯ್ದರು, ದಿನಗಟ್ಟಲೆ ವಿಚಾರಣೆ ನಡೆಯಿತು, ಹೆಸರು ಪತ್ರಿಕೆಗಳಲ್ಲೆಲ್ಲ ಬಂತು. ಕೊನೆಗೆ ಅವನಿಗೂ ಸ್ಫೋಟಕ್ಕೂ ಸಂಬಂಧವಿಲ್ಲವೆಂದು ತಿಳಿಯಿತು. ತಪ್ಪು ಮಾಡದವನು ತಪ್ಪು ಮಾಡಿಲ್ಲವೆಂದು ತೋರಿಸುವುದಕ್ಕೆ ಎಷ್ಟು ಬೆಲೆ ತೆರಬೇಕಾಯಿತು ನೋಡಿ.

ಅದಕ್ಕೂ ಒಂದು ವರ್ಷ ಹಿಂದೆ ನಮ್ಮ ಬೆಂಗಳೂರಿನಲ್ಲಿಯೇ ನಡೆದ ಸಂಗತಿ ಇನ್ನೂ ನೋವಿನದು. ಆರ್ಕುಟ್ ಎಂಬ ಜಾಲತಾಣದಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರ ಯಾರೋ ಹಾಕಿದ್ದರು. ಪುಣೆಯ ಪೊಲೀಸರು ಐಪಿ ವಿಳಾಸ ಹಿಡಿದು, ಸಂಪರ್ಕ ಒದಗಿಸುವ ಕಂಪನಿಯನ್ನು ವಿಚಾರಿಸಿ, 2007ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನ ಒಬ್ಬ ತರುಣ ಎಂಜಿನಿಯರನ್ನು ಹಿಡಿದುಕೊಂಡು ಹೋದರು. ಕಂಪನಿ ಕೊಟ್ಟ ವಿವರವೇ ತಪ್ಪಾಗಿತ್ತು. ಅದು ಬೆಳಕಿಗೆ ಬಂದು ಆತ ಹೊರಬರುವಷ್ಟರಲ್ಲಿ ಐವತ್ತು ದಿನ ಜೈಲಿನಲ್ಲಿ ಕಳೆದಿದ್ದ. ಇದು ವೈಫೈ ಹಂಚಿದ ಪ್ರಕರಣವಲ್ಲ, ನಿಜ. ಆದರೆ ಒಂದು ಅಂಕೆಯ ಮೇಲೆ ಒಬ್ಬ ಮನುಷ್ಯನ ಮಾನ ಹೇಗೆ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಅಹಮದಾಬಾದಿನ ಘಟನೆಯ ನಂತರ, 2009ರ ಫೆಬ್ರವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಒಂದು ಆದೇಶ ಕಳುಹಿಸಿತು. ಸಾರ್ವಜನಿಕ ವೈಫೈ ಬಳಸುವವರ ಗುರುತನ್ನು ಮೊದಲು ಪಡೆಯಬೇಕು. ಒಂದೋ ಭಾವಚಿತ್ರವಿರುವ ಗುರುತುಪತ್ರದ ಪ್ರತಿ, ಇಲ್ಲವೆ ಮೊಬೈಲಿಗೆ ಸಂದೇಶದ ಮೂಲಕ ಗುಟ್ಟಿನ ಅಂಕೆ. ವಿಮಾನ ನಿಲ್ದಾಣದಲ್ಲಿಯೋ ರೈಲ್ವೆ ಸ್ಟೇಷನ್ನಿನಲ್ಲಿಯೋ ವೈಫೈ ಕೇಳಿದರೆ ಮೊಬೈಲ್ ನಂಬರು ಕೊಡಿ, ಒಟಿಪಿ ಬರೆಯಿರಿ ಎನ್ನುವುದು ಈ ಕಾರಣದಿಂದ. ಬೇಸರಪಡುವ ಪ್ರಯಾಣಿಕರಿಗೆ ಈ ಇತಿಹಾಸ ತಿಳಿದಿರುವುದಿಲ್ಲ.

ಕಾಯಿದೆ ಏನು ಹೇಳುತ್ತದೆ? 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ 79ನೆಯ ಕಲಮು ಮಧ್ಯವರ್ತಿಗಳಿಗೆ ರಕ್ಷಣೆ ಕೊಡುತ್ತದೆ. ಇನ್ನೊಬ್ಬರ ಸಂದೇಶವನ್ನು ಸಾಗಿಸಿದ ಮಾತ್ರಕ್ಕೆ ಸಾಗಿಸಿದವನು ತಪ್ಪಿತಸ್ಥನಲ್ಲ. ಆದರೆ ಷರತ್ತುಗಳುಂಟು. ಸಂದೇಶವನ್ನು ತಾನಾಗಿ ಹುಟ್ಟಿಸಿರಬಾರದು, ತಿದ್ದಿರಬಾರದು, ಅಪರಾಧಕ್ಕೆ ನೆರವಾಗಿರಬಾರದು. ಅದರ ಜೊತೆಗೆ ತಕ್ಕ ಎಚ್ಚರಿಕೆಯನ್ನು ವಹಿಸಿರಬೇಕು. ಕೊನೆಯ ಮಾತೇ ಗಟ್ಟಿಯಾದ ಗಂಟು. ಚೀಟಿಯಲ್ಲಿ ‘12345678’ ಎಂದು ಬರೆದು ಗೋಡೆಗೆ ಅಂಟಿಸಿದವರು ತಕ್ಕ ಎಚ್ಚರಿಕೆ ವಹಿಸಿದರೆಂದು ಯಾರು ಹೇಳಿಯಾರು?

ಅದೇ ಕಾಯಿದೆಯಲ್ಲಿ ‘ಸೈಬರ್ ಕೆಫೆ’ ಎಂಬ ಮಾತಿನ ವಿವರಣೆಯನ್ನು ಓದಿದರೆ ನಮ್ಮ ಹೋಟೆಲು ಭಟ್ಟರು ಬೆಚ್ಚಿಬಿದ್ದಾರು. ವ್ಯಾಪಾರದ ರೂಢಿಯ ಕ್ರಮದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲದ ಪ್ರವೇಶ ಒದಗಿಸುವ ಯಾವುದೇ ಸ್ಥಳ ಎಂಬ ಅರ್ಥದ ಮಾತುಗಳು ಅಲ್ಲಿವೆ. ನೀರುದೋಸೆಯ ಜೊತೆ ವೈಫೈ ಕೊಡುವ ಹೋಟೆಲೂ ಅದರೊಳಗೆ ಬರುತ್ತದೆಂದು ವಕೀಲರೊಬ್ಬರು ವಾದಿಸಿದರೆ ಅಲ್ಲಗಳೆಯುವುದು ಸುಲಭವಲ್ಲ. 2011ರಲ್ಲಿ ಬಂದ ಸೈಬರ್ ಕೆಫೆ ನಿಯಮಗಳು ಬಂದವರ ಗುರುತು ನೋಡಬೇಕು, ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕು ಎನ್ನುತ್ತವೆ. ಕುಳಿತುಕೊಳ್ಳುವ ಗೂಡುಗಳ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದೆಂದೂ ಬರೆದಿದೆ! ಮೇಜಿನ ಮೇಲೆ ಕಂಪ್ಯೂಟರು ಇಟ್ಟು ಗಂಟೆಗಿಷ್ಟು ಎಂದು ಬಾಡಿಗೆ ಪಡೆಯುತ್ತಿದ್ದ ಕಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮಗಳು ಅವು. ಜಗತ್ತು ಅಂಗೈಗೆ ಬಂದ ಮೇಲೂ ನಿಯಮದ ಅಡ್ಡಗೋಡೆ ಹಾಗೆಯೇ ನಿಂತಿದೆ.

ಬೇರೆ ದೇಶಗಳಲ್ಲಿ ಈ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. ಜರ್ಮನಿಯ ಮ್ಯೂನಿಕ್ ಬಳಿ ದೀಪ ಮತ್ತು ಧ್ವನಿ ಸಲಕರಣೆಗಳ ಅಂಗಡಿಯಿಟ್ಟಿದ್ದ ಮಕ್‌ಫ್ಯಾಡನ್ ಎಂಬಾತ ಗಿರಾಕಿಗಳನ್ನು ಸೆಳೆಯಲೆಂದು ಪಾಸ್‌ವರ್ಡಿಲ್ಲದ ವೈಫೈ ಬಿಟ್ಟಿದ್ದ. 2010ರಲ್ಲಿ ಅದರ ಮೂಲಕ ಯಾರೋ ಒಂದು ಸಂಗೀತ ಕೃತಿಯನ್ನು ಅಕ್ರಮವಾಗಿ ಹಂಚಿದರು; ಸೋನಿ ಕಂಪನಿ ಅಂಗಡಿಯವನನ್ನೇ ಹಿಡಿಯಿತು. 2016ರ ಸೆಪ್ಟೆಂಬರ್ 15ರಂದು ಯೂರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಗಿರಾಕಿ ಮಾಡಿದ್ದಕ್ಕೆ ಅಂಗಡಿಯವನು ನಷ್ಟ ಕಟ್ಟಿಕೊಡಬೇಕಾಗಿಲ್ಲ. ಆದರೆ ವೈಫೈಗೆ ಪಾಸ್‌ವರ್ಡ್ ಹಾಕು, ಪಡೆಯುವವರ ಗುರುತು ಕೇಳು ಎಂದು ಅವನಿಗೆ ಆಜ್ಞೆ ಮಾಡಬಹುದು. ಬಹಳ ಹದವಾದ ತೀರ್ಪೆಂದು ನನಗೆ ತೋರುತ್ತದೆ.

ಹಾಗಾದರೆ ಚಿಕ್ಕ ಹೋಟೆಲಿನವರು, ವಾಚನಾಲಯದವರು, ಸಹಕಾರಿ ಸಂಘದವರು ಏನು ಮಾಡಬೇಕು? ಸರಕಾರವೇ ಒಂದು ದಾರಿ ಮಾಡಿಕೊಟ್ಟಿದೆ. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಎಂಬ ಯೋಜನೆಯಲ್ಲಿ ಕಿರಾಣಿ ಅಂಗಡಿಯವನೂ ‘ಪಬ್ಲಿಕ್ ಡಾಟಾ ಆಫೀಸು’ ಆಗಬಹುದು. ಹಿಂದೆ ಎಸ್‌ಟಿಡಿ ಬೂತು ಇಟ್ಟುಕೊಂಡವರಿದ್ದರಲ್ಲ, ಅದೇ ರೀತಿ. ಇದಕ್ಕೆ ಅಂಗಡಿಯವನು ಲೈಸೆನ್ಸ್ ಪಡೆಯಬೇಕಾಗಿಲ್ಲ, ಶುಲ್ಕವೂ ಇಲ್ಲ. ಇಂಥ ಹಲವು ಅಂಗಡಿಗಳನ್ನು ಕೂಡಿಸಿ ನಡೆಸುವ ಅಗ್ರಿಗೇಟರ್ ಎಂಬ ಸಂಸ್ಥೆ ಬಂದವರ ಗುರುತು ಹಿಡಿಯುವ, ಬಳಕೆಯ ಲೆಕ್ಕ ಇಡುವ ಹೊರೆಯನ್ನು ಹೊರುತ್ತದೆ. ಮನೆಗೆಂದು ತೆಗೆದುಕೊಂಡ ಸಂಪರ್ಕವನ್ನು ಹೋಟೆಲಿನ ಗಿರಾಕಿಗಳಿಗೆ ಹಂಚುವುದಕ್ಕೆ ಕಂಪನಿಯ ಕರಾರಿನಲ್ಲಿ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಸಹಿ ಹಾಕಿದ ಕಾಗದವನ್ನು ಒಮ್ಮೆ ತೆಗೆದು ಓದಿದರೆ ತಿಳಿದೀತು. ವಾಣಿಯಲ್ಲಿ ಈ ತೊಡಕಿಲ್ಲ. ಈ ಅಂಗಡಿಗಳಿಗೆ ಕಂಪನಿಗಳು ವಿಪರೀತ ದರ ಹಾಕುವುದನ್ನು ತಡೆಯಲು 2025ರಲ್ಲಿ ಟ್ರಾಯ್ ಸಂಸ್ಥೆ ಮಿತಿಯನ್ನೂ ಗೊತ್ತುಮಾಡಿತು: 200 ಎಂಬಿಪಿಎಸ್‌ವರೆಗಿನ ಸಂಪರ್ಕಕ್ಕೆ ಮನೆಯವರ ದರದ ಎರಡು ಪಾಲಿಗಿಂತ ಹೆಚ್ಚು ಪಡೆಯುವಂತಿಲ್ಲ.

ಅಷ್ಟು ದೂರ ಹೋಗದವರು ಕೂಡ ಕೆಲವು ಸಣ್ಣ ಕೆಲಸಗಳನ್ನು ಒಂದೇ ಮಧ್ಯಾಹ್ನದಲ್ಲಿ ಮಾಡಿಕೊಳ್ಳಬಹುದು. ರೌಟರನ್ನು ಹಾಕಿಸಿದ ದಿನ ಅದರೊಳಕ್ಕೆ ಹೋಗುವ ಬೀಗದ ಕೈ ‘ಅಡ್ಮಿನ್, ಅಡ್ಮಿನ್’ ಎಂದಿತ್ತೆ? ಇವತ್ತೂ ಹಾಗೆಯೇ ಇದೆಯೆ? ಗಿರಾಕಿಗೆ ಕೊಡುವ ವೈಫೈ ಪಾಸ್‌ವರ್ಡು ಬೇರೆ, ಯಂತ್ರದೊಳಗೆ ಹೋಗಿ ಎಲ್ಲವನ್ನೂ ಬದಲಿಸುವ ಪಾಸ್‌ವರ್ಡು ಬೇರೆ. ಎರಡನೆಯದನ್ನು ಬದಲಿಸದೆ ಬಿಟ್ಟರೆ, ಚಹಾ ಕುಡಿಯುತ್ತ ಕುಳಿತ ಹುಡುಗನೊಬ್ಬ ಐದು ನಿಮಿಷದಲ್ಲಿ ತಮ್ಮ ರೌಟರಿನ ಯಜಮಾನನಾಗುತ್ತಾನೆ. ಆಮೇಲೆ ತಾವು ಬ್ಯಾಂಕಿನ ಹೆಸರು ಬರೆದರೂ ಅದು ಅವನು ಹೇಳಿದ ಕಡೆಗೆ ಕರೆದುಕೊಂಡು ಹೋದೀತು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಲಕ್ಷಾಂತರ ಕ್ಯಾಮೆರಾ ಮತ್ತು ರೌಟರುಗಳನ್ನು ವಶಮಾಡಿಕೊಂಡದ್ದು ಹೀಗೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡುಗಳನ್ನೇ ಪ್ರಯತ್ನಿಸಿ.

ಇನ್ನೊಂದು, ಹೋಟೆಲಿನ ಲೆಕ್ಕದ ಕಂಪ್ಯೂಟರು, ಬಿಲ್ಲಿನ ಯಂತ್ರ, ಕ್ಯಾಮೆರಾ ಇವೆಲ್ಲ ಗಿರಾಕಿಗಳ ವೈಫೈಯಲ್ಲೇ ಇರಬಾರದು. ಈಗಿನ ಬಹುಪಾಲು ರೌಟರುಗಳಲ್ಲಿ ‘ಗೆಸ್ಟ್’ ಎಂಬ ಬೇರೆ ಜಾಲ ಮಾಡುವ ಸೌಕರ್ಯವಿದೆ. ಬಂದವರಿಗೆ ಜಗಲಿ ಬಿಡುತ್ತೇವೆ, ಒಳಗಿನ ಉಗ್ರಾಣಕ್ಕೆ ಕರೆದುಕೊಂಡು ಹೋಗುವುದಿಲ್ಲವಷ್ಟೆ. ರಾತ್ರಿ ಬಾಗಿಲು ಹಾಕುವಾಗ ಆ ಜಾಲವನ್ನೂ ಆರಿಸಬಹುದು. ಹೋಟೆಲು ಮುಚ್ಚಿದ ಮೇಲೆ ರಸ್ತೆಯಲ್ಲಿ ಬೈಕು ನಿಲ್ಲಿಸಿಕೊಂಡು ಯಾರು ಏನು ಮಾಡುತ್ತಾರೋ!

ದಾಖಲೆ ಇಡಬೇಕೆಂದ ಕೂಡಲೆ ಕೆಲವರು ಗಲ್ಲೆಯ ಮೇಲೆ ಒಂದು ನೋಟು ಪುಸ್ತಕ ಇಟ್ಟು ಹೆಸರು, ಫೋನ್ ನಂಬರು ಬರೆಸುತ್ತಾರೆ. ಇದು ನನಗೆ ಸ್ವಲ್ಪವೂ ಸರಿಬರುವುದಿಲ್ಲ. ಕಾಲೇಜಿನ ಹುಡುಗಿಯರ ಫೋನ್ ನಂಬರುಗಳು ಸಾಲಾಗಿ ಬರೆದ ಪುಸ್ತಕ ಎಲ್ಲರ ಕಣ್ಣಿಗೆ ಬೀಳುವಂತೆ ತೆರೆದು ಬಿದ್ದಿರುವುದು ಯಾವ ರಕ್ಷಣೆ? ಒಂದು ಅಪಾಯವನ್ನು ಕಳೆಯಲು ಹೋಗಿ ಇನ್ನೊಂದನ್ನು ಬಾಗಿಲಲ್ಲಿ ಕೂರಿಸಿದ ಹಾಗಾಯಿತು. ಜನರ ವೈಯಕ್ತಿಕ ವಿವರಗಳನ್ನು ಕಾಯಬೇಕೆಂದು 2023ರಲ್ಲಿ ಬೇರೆ ಕಾಯಿದೆಯೇ ಆಗಿದೆ. ಒಟಿಪಿಯ ವ್ಯವಸ್ಥೆ ಇದ್ದರೆ ಈ ಪುಸ್ತಕ ಬೇಕಾಗುವುದಿಲ್ಲ.

ರೌಟರು ತಾನಾಗಿ ಬರೆದುಕೊಳ್ಳುವ ಲೆಕ್ಕವನ್ನು ಪೂರ್ತಿ ನಂಬುವಂತೆಯೂ ಇಲ್ಲ. ಪ್ರತಿ ಮೊಬೈಲಿಗೂ ಮ್ಯಾಕ್ ಎಂಬ ಹುಟ್ಟುಗುರುತು ಉಂಟು. ಆದರೆ 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14ರಿಂದೀಚೆಗೆ ಮೊಬೈಲುಗಳು ತಮ್ಮ ನಿಜವಾದ ಗುರುತನ್ನು ಮರೆಸಿ ಒಂದೊಂದು ವೈಫೈಗೆ ಒಂದೊಂದು ಸುಳ್ಳು ಗುರುತು ಹೇಳುತ್ತವೆ. ಬಳಸುವವರ ಗುಟ್ಟು ಉಳಿಯಲೆಂದೇ ಮಾಡಿದ ಏರ್ಪಾಡು ಅದು, ಒಳ್ಳೆಯದೇ. ಗಡಿಯಾರದ ಮಾತು ಇನ್ನೂ ತಮಾಷೆ. ಮಳೆಗಾಲದಲ್ಲಿ ನಮ್ಮ ಕಡೆ ದಿನಕ್ಕೆ ಎಷ್ಟು ಸಲ ಕರೆಂಟು ಹೋಗಿ ಬರುತ್ತದೆಂದು ಹೇಳಬೇಕಾಗಿಲ್ಲ. ಹಾಗೆ ಹೋಗಿ ಬಂದಾಗ ಕೆಲವು ರೌಟರುಗಳ ಗಡಿಯಾರ 1970ರ ಜನವರಿ 1ಕ್ಕೆ ಹಾರುತ್ತದೆ. ಜಾಲದಿಂದ ಸಮಯ ತಿಳಿದುಕೊಳ್ಳುವಂತೆ ಹೊಂದಿಸಿರದಿದ್ದರೆ ಅಲ್ಲೇ ನಿಲ್ಲುತ್ತದೆ. 1970ರಲ್ಲಿ ಯಾರೋ ವೈಫೈ ಬಳಸಿದರೆಂಬ ದಾಖಲೆಯನ್ನು ಹಿಡಿದುಕೊಂಡು ಪೊಲೀಸರ ಮುಂದೆ ನಿಲ್ಲುವುದು ಹೇಗೆ? ಸೆರ್ಟ್-ಇನ್ ಎಂಬ ಕೇಂದ್ರ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಗಡಿಯಾರಗಳನ್ನು ಸರಿಹೊಂದಿಸಿಡಬೇಕು, ದಾಖಲೆಯನ್ನು 180 ದಿನ ಇಡಬೇಕು ಎಂದು ಸೇವಾ ಕಂಪನಿಗಳಿಗೆ, ಸಂಸ್ಥೆಗಳಿಗೆ, ಮಧ್ಯವರ್ತಿಗಳಿಗೆ ಹೇಳಿದ್ದು ಸುಮ್ಮನೆ ಅಲ್ಲ.

ಪುಕ್ಕಟೆ ವೈಫೈ ಪಡೆಯುವವರ ಕಡೆಗೂ ಒಂದೆರಡು ಮಾತು. 2010ರಲ್ಲಿ ಫೈರ್‌ಶೀಪ್ ಎಂಬ ಚಿಕ್ಕ ತಂತ್ರಾಂಶ ಹೊರಬಂದಾಗ ಜಗತ್ತು ಗಾಬರಿಗೊಂಡಿತು; ಕಾಫಿ ಅಂಗಡಿಯ ತೆರೆದ ವೈಫೈಯಲ್ಲಿ ಪಕ್ಕದ ಮೇಜಿನವರ ಫೇಸ್‌ಬುಕ್ಕಿನೊಳಗೆ ಯಾರು ಬೇಕಾದರೂ ನುಗ್ಗಬಹುದಾಗಿತ್ತು. ಆ ಪೆಟ್ಟಿನ ಬಳಿಕ ದೊಡ್ಡ ಜಾಲತಾಣಗಳೆಲ್ಲ ಒಂದೊಂದಾಗಿ ಗೂಢಲಿಪಿಗೆ ತಿರುಗಿದವು. ಇಂದು ಬಹುಮಟ್ಟಿಗೆ ಎಲ್ಲ ಪುಟಗಳೂ ಬೀಗ ಹಾಕಿದ ಲಕೋಟೆಯಲ್ಲೇ ಸಾಗುತ್ತವೆ. ಆದ್ದರಿಂದ ಸಾರ್ವಜನಿಕ ವೈಫೈ ಮುಟ್ಟಿದರೆ ಬ್ಯಾಂಕಿನ ಹಣ ಹೋಯಿತೆಂದು ಹೆದರಿಸುವವರ ಮಾತು ಈಗ ಅರ್ಧ ಹಳೆಯದು. ಉಳಿದಿರುವ ಅರ್ಧ ಬೇರೆ ಬಗೆಯದು. ವೈಫೈಯ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಹೋಟೆಲಿನ ಹೆಸರನ್ನೇ ಇಟ್ಟು ಇನ್ನೊಂದು ಪೆಟ್ಟಿಗೆಯನ್ನು ಚೀಲದಲ್ಲಿ ಹೊತ್ತು ಕುಳಿತವನು ಬಂದವರಿಗೆ ಸುಳ್ಳು ಬಾಗಿಲು ತೋರಿಸಿ, ಇ-ಮೇಲಿನ ಪಾಸ್‌ವರ್ಡ್ ಕೊಟ್ಟು ಒಳಗೆ ಬನ್ನಿ ಎನ್ನುತ್ತಾನೆ. 2024ರಲ್ಲಿ ಆಸ್ಟ್ರೇಲಿಯದ ಪೊಲೀಸರು ವಿಮಾನ ನಿಲ್ದಾಣಗಳಲ್ಲಿ, ಹಾರುವ ವಿಮಾನದಲ್ಲೂ ಹೀಗೆ ಮಾಡಿದನೆಂದು ಒಬ್ಬನ ಮೇಲೆ ಮೊಕದ್ದಮೆ ಹೂಡಿದರು. ನೆನಪಿಡುವುದು ಸುಲಭ: ವೈಫೈಗೆ ಸೇರಿಸಿಕೊಳ್ಳಲು ಮೊಬೈಲ್ ನಂಬರು, ಒಟಿಪಿ ಕೇಳುವುದುಂಟು, ತಮ್ಮ ಇ-ಮೇಲಿನ ಅಥವಾ ಫೇಸ್‌ಬುಕ್ಕಿನ ಪಾಸ್‌ವರ್ಡ್ ಕೇಳಿದರೆ ಅಲ್ಲಿಂದ ಎದ್ದುಬಿಡಿ. ಬ್ಯಾಂಕಿನಿಂದ ಬಂದ ಒಟಿಪಿಯನ್ನಂತೂ ಅಲ್ಲಿ ಬರೆಯುವ ಪ್ರಶ್ನೆಯೇ ಇಲ್ಲ. ಹಣದ ವ್ಯವಹಾರಕ್ಕೆ ಆ ಹೊತ್ತು ಮೊಬೈಲಿನ ಸ್ವಂತ ಡಾಟಾ ಹಾಕಿಕೊಂಡರೆ ಗಂಟೇನು ಹೋಗುತ್ತದೆ? ಹಣ ಹೋದದ್ದು ಗೊತ್ತಾದರೆ ನಾಳೆ ನೋಡೋಣವೆನ್ನದೆ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಂಭವ ಹೆಚ್ಚು.

ಕೊನೆಗೆ, ಎಲ್ಲ ಎಚ್ಚರಿಕೆಯ ನಡುವೆಯೂ ಒಂದು ದಿನ ಪೊಲೀಸರು ಬಂದರೆನ್ನಿ. ಹೆದರಿಕೆಯಿಂದ ರೌಟರಿನ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಎಲ್ಲವನ್ನೂ ಅಳಿಸಿಹಾಕುವವರಿದ್ದಾರೆ. ಅದರಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ: ತಮ್ಮನ್ನು ಬಿಡಿಸಬಹುದಾಗಿದ್ದ ಸಾಕ್ಷಿಯೇ ಅಲ್ಲಿ ಇತ್ತು, ಅಳಿಸಿದ ಮೇಲೆ ಸಂಶಯ ತಮ್ಮ ಮೇಲೆಯೇ ಕುಳಿತುಕೊಳ್ಳುತ್ತದೆ. ಲಿಖಿತ ನೋಟೀಸು ಕೇಳಿ ಪಡೆಯಿರಿ. ಯಾವ ದಿನದ, ಯಾವ ಹೊತ್ತಿನ ವಿವರ ಬೇಕೆಂದು ಅದರಲ್ಲಿ ಬರೆದಿದೆಯೆ, ಆ ಹೊತ್ತು ಭಾರತದ ಸಮಯವೋ ಗ್ರೀನಿಚ್ಚಿನದೋ ನೋಡಿ. ಎರಡಕ್ಕೂ ಐದೂವರೆ ಗಂಟೆಯ ಅಂತರ. ಅಷ್ಟರಲ್ಲಿ ಬೆಳಗಿನ ತಿಂಡಿಯ ಗಿರಾಕಿಗಳೆಲ್ಲ ಎದ್ದುಹೋಗಿ ಮಧ್ಯಾಹ್ನದ ಊಟದವರು ಬಂದು ಕುಳಿತಿರುತ್ತಾರೆ. ಕೊಟ್ಟ ದಾಖಲೆಗೆ ರಸೀದಿ ಪಡೆದುಕೊಂಡು, ಅದರ ಒಂದು ಪ್ರತಿಯನ್ನು ವೈಫೈ ಕರಾರಿನ ಕಾಗದದ ಜೊತೆಗೆ ಇಡಿ.